ಆಕರಸೂಚಿಯ ಹೊಣೆ: ಕೋಲಾರ ಸೀಮೆಯ ವೈದ್ಯಕೀಯ ಬರವಣಿಗೆಯನ್ನು ಕುರಿತು



ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು 1905ರಲ್ಲಿ ಹೊರತಂದಾಗ ಕೋಲಾರ ಜಿಲ್ಲೆಯ ಶಾಸನಗಳಿಗೆ ಒಂದೊಂದು ವಿಳಾಸ ಸಿಕ್ಕಿತು. ತಾಲ್ಲೂಕಿಗೊಂದು ಸಂಕೇತ, ಶಾಸನಕ್ಕೊಂದು ಸಂಖ್ಯೆ. ಕೋಲಾರಕ್ಕೆ ಕೆಎಲ್, ಮಾಲೂರಿಗೆ ಎಂಆರ್, ಮುಳಬಾಗಿಲಿಗೆ ಎಂಬಿ, ಶ್ರೀನಿವಾಸಪುರಕ್ಕೆ ಎಸ್‌ಪಿ. ಅಂದಿನಿಂದ ಇಂದಿನವರೆಗೆ ಕೋಲಾರಮ್ಮ ಗುಡಿಯ ಚೋಳರ ಶಾಸನವನ್ನೋ ಆವನಿಯ ನೊಳಂಬರ ಶಾಸನವನ್ನೋ ಹೆಸರಿಸುವ ಇತಿಹಾಸಕಾರರು ಸಂಪುಟ, ಸಂಕೇತ, ಸಂಖ್ಯೆ ಇಷ್ಟನ್ನು ಬರೆದರೆ ಸಾಕು. ಓದುವವರಿಗೆ ಅನುಮಾನ ಬಂದರೆ ಸಂಪುಟ ತೆರೆದು ಪಾಠ ನೋಡಬಹುದು. ಆಗಲೂ ಸಮಾಧಾನವಾಗದಿದ್ದರೆ ಊರಿಗೇ ಹೋಗಿ ಕಲ್ಲಿನ ಮುಂದೆ ನಿಲ್ಲಬಹುದು.

ವೈದ್ಯಕೀಯ ಲೇಖನದ ಕೊನೆಯಲ್ಲಿ ಬರುವ ರೆಫರೆನ್ಸ್ ಪಟ್ಟಿ ಮಾಡಬೇಕಾದ ಕೆಲಸವೂ ಇದೇ. ಆದರೆ ಥೀಸಿಸನ್ನು ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ಅಲ್ಪವಿರಾಮ, ಅರ್ಧವಿರಾಮ ಸರಿಮಾಡಿ ಮುಗಿಸುವ ಕೆಲಸವೆಂದೇ ಅದನ್ನು ತಿಳಿಯುವುದು ರೂಢಿಯಾಗಿಬಿಟ್ಟಿದೆ. ಈ ರೂಢಿಗೆ ಎದುರಾಗಿ ಒಂದು ವಾದವನ್ನು ಮುಂದಿಡುವುದು ಈ ಉಪನ್ಯಾಸದ ಉದ್ದೇಶ. ಆಕರಸೂಚಿಯ ಪ್ರತಿಯೊಂದು ನಿಯಮವೂ ಓದುಗರನ್ನು ಮೂಲದ ತನಕ ಮುಟ್ಟಿಸುವುದಕ್ಕಾಗಿ ಹುಟ್ಟಿದ್ದು. ನಿಯಮವನ್ನು ಪಾಲಿಸಿಯೂ ಮೂಲವನ್ನು ತೆರೆಯದವರು ಆ ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ. ಕುಡಿಯುವ ನೀರಿನ ಬಗ್ಗೆಯೇ ನೂರಾರು ಪುಟ ಬರೆಯಬೇಕಾಗಿ ಬಂದಿರುವ ಈ ಜಿಲ್ಲೆಯಲ್ಲಿ ಆ ಉಳಿದರ್ಧದ ಬೆಲೆಯನ್ನು ರೋಗಿಗಳೇ ತೆರಬೇಕಾಗುತ್ತದೆ.

ಮೊದಲು ನಿಯಮಗಳ ಹುಟ್ಟಿನ ಸಂಗತಿ. 1978ರ ಜನವರಿಯಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಅನೌಪಚಾರಿಕವಾಗಿ ಕೂಡಿದರು. ಅದು ಟೈಪ್‌ರೈಟರ್ ಕಾಲ. ಒಂದು ಪತ್ರಿಕೆ ತಿರಸ್ಕರಿಸಿದ ಹಸ್ತಪ್ರತಿಯನ್ನು ಇನ್ನೊಂದಕ್ಕೆ ಕಳುಹಿಸಬೇಕಾದರೆ ಆಕರಗಳನ್ನೆಲ್ಲ ಅದರ ಶೈಲಿಗೆ ತಕ್ಕಂತೆ ಹೊಸದಾಗಿ ಟೈಪ್ ಮಾಡಿಸಬೇಕಿತ್ತು. ಈ ವ್ಯರ್ಥ ಶ್ರಮವನ್ನು ತಪ್ಪಿಸಲು ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಸಾಮಾನ್ಯ ರೂಪ ಸಿದ್ಧವಾಯಿತು, 1979ರಲ್ಲಿ ಅಚ್ಚಾಯಿತು. ಆ ಗುಂಪೇ ಬೆಳೆದು ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ಊರಿನ ಹೆಸರು ಮಾತ್ರ ಶೈಲಿಗೆ ಅಂಟಿಕೊಂಡು ಉಳಿಯಿತು.

ಆಕರ ಬರೆಯುವ ಕ್ರಮವನ್ನು ಈ ಸಂಪಾದಕರು ತಾವೇ ಕಟ್ಟಿದ್ದಲ್ಲ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದಿಂದ ಪಡೆದದ್ದು. ಆ ಗ್ರಂಥಾಲಯದ ಪರಂಪರೆ 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಆರಂಭಿಸಿದ ಇಂಡೆಕ್ಸ್ ಮೆಡಿಕಸ್‌ನಷ್ಟು ಹಳೆಯದು. ಲೋಕದ ವೈದ್ಯಕೀಯ ಲೇಖನಗಳ ಈ ಸೂಚಿ 2004ರವರೆಗೂ ಅಚ್ಚಾಗುತ್ತಿತ್ತು. ಅಂಥ ಸೂಚಿಯಲ್ಲಿ ಜಾಗ ಉಳಿಸಲೇಬೇಕು. ಹಾಗಾಗಿ ಪತ್ರಿಕೆಗಳ ಹೆಸರು ಸಂಕ್ಷಿಪ್ತವಾಯಿತು, ಲೇಖಕರ ಇನಿಷಿಯಲ್‌ಗಳ ಚುಕ್ಕಿ ಉದುರಿತು, 877ರಿಂದ 879ರವರೆಗಿನ ಪುಟಗಳು 877-9 ಆದವು. ಇಂದಿನ ವಿದ್ಯಾರ್ಥಿಗಳು ಗೊಣಗುತ್ತ ಕಲಿಯುವ ಈ ಜಿಪುಣತನಕ್ಕೆಲ್ಲ ಹಿಂದೆ ಒಂದು ನಿಜವಾದ ಅಗತ್ಯವಿತ್ತು.

ಒಂದು ಆಕರವನ್ನು ಹತ್ತಿರದಿಂದ ನೋಡೋಣ. ಕೋಲಾರ ಸೀಮೆಯ ಫ್ಲೋರೋಸಿಸ್ ಬಗ್ಗೆ ಬರೆಯುವ ಯಾರಿಗೂ ಅಪರಿಚಿತವಲ್ಲದ ಲೇಖನ ಅದು. ಬರೆದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಇಬ್ಬರು ವಿಜ್ಞಾನಿಗಳು. ಫ್ಲೋರೈಡ್ ಹೆಚ್ಚಿರುವ ಸೀಮೆಯಲ್ಲಿ ಮೊಣಕಾಲು ಒಳಕ್ಕೆ ಬಾಗುವ ತೊಂದರೆಯನ್ನು ವರದಿ ಮಾಡಿದ ಬರಹ. ವ್ಯಾಂಕೂವರ್ ಶೈಲಿಯಲ್ಲಿ, ಕನ್ನಡ ಲಿಪಿಗೆ ಇಳಿಸಿದರೆ, ಅದು ಹೀಗಿರುತ್ತದೆ: ಕೃಷ್ಣಮಾಚಾರಿ ಕೆಎ, ಕೃಷ್ಣಸ್ವಾಮಿ ಕೆ. ಜೆನು ವ್ಯಾಲ್ಗಮ್ ಅಂಡ್ ಆಸ್ಟಿಯೊಪೊರೋಸಿಸ್ ಇನ್ ಆ್ಯನ್ ಏರಿಯಾ ಆಫ್ ಎಂಡೆಮಿಕ್ ಫ್ಲೋರೋಸಿಸ್. ಲ್ಯಾನ್ಸೆಟ್. 1973;2(7834):877-9.

ಹೆಸರು ಮೊದಲು, ಇನಿಷಿಯಲ್ ಆಮೇಲೆ, ನಡುವೆ ಚುಕ್ಕಿಯಿಲ್ಲ. ಲೇಖಕರು ಆರು ಮಂದಿಯವರೆಗೆ ಇದ್ದರೆ ಎಲ್ಲರ ಹೆಸರೂ ಬರಬೇಕು. ಏಳಾದರೆ ಮೊದಲ ಆರು ಬರೆದು ‘ಮತ್ತಿತರರು’ ಎಂದು ನಿಲ್ಲಿಸುವುದು ವಾಡಿಕೆ. ವರ್ಷದ ಮುಂದೆ ಅರ್ಧವಿರಾಮ, ಸಂಪುಟದ ಪಕ್ಕ ಕಂಸದಲ್ಲಿ ಸಂಚಿಕೆ, ಕೋಲನ್ ಹಾಕಿ ಪುಟ. ಇಷ್ಟನ್ನು ಯಾವ ಮಾರ್ಗದರ್ಶಿಯಾದರೂ ಹೇಳುತ್ತದೆ. ಆದರೆ ಆ ‘2’ ಎಂಬ ಸಂಪುಟ ಸಂಖ್ಯೆಯನ್ನು ಗಮನಿಸಬೇಕು. 1823ರಿಂದ ಬರುತ್ತಿರುವ ಪತ್ರಿಕೆಗೆ 1973ರಲ್ಲಿ ಎರಡನೆಯ ಸಂಪುಟ ಹೇಗಾದೀತು? ಆ ದಿನಗಳಲ್ಲಿ ಲ್ಯಾನ್ಸೆಟ್ ಪ್ರತಿ ವರ್ಷವೂ ಹೊಸದಾಗಿ ಎಣಿಸಿಕೊಳ್ಳುತ್ತಿತ್ತು: ಮೊದಲ ಆರು ತಿಂಗಳಿಗೆ 1, ಉಳಿದ ಆರು ತಿಂಗಳಿಗೆ 2. ಆಮೇಲೆ ಪ್ರಕಾಶಕರು ತಮ್ಮ ಜಾಲದ ಸಂಗ್ರಹದಲ್ಲಿ ಮೊದಲಿನಿಂದ ಒಂದೇ ಸರಣಿಯಾಗಿ ಲೆಕ್ಕ ಹಾಕಿ ಅದೇ ಸಂಪುಟಕ್ಕೆ 302 ಎಂದು ಸಂಖ್ಯೆ ಕೊಟ್ಟರು. ವೈದ್ಯಕೀಯ ಲೇಖನಗಳ ಜಾಲಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದವರಿಗೆ 2 ಸಿಗುತ್ತದೆ, ಪ್ರಕಾಶಕರ ತಾಣಕ್ಕೆ ಹೋದವರಿಗೆ 302. ಎರಡೂ ಸರಿಯೇ. ಎರಡನ್ನೂ ಬೆರೆಸಿ ಬರೆದರೆ, ಇಲ್ಲವೇ 2 ತಪ್ಪಿರಬೇಕೆಂದು ಊಹಿಸಿ ತಿದ್ದಿದರೆ, ಗ್ರಂಥಾಲಯದ ಕಪಾಟಿನ ಮುಂದೆ ನಿಂತವರಿಗೆ ಲೇಖನ ಸಿಗುವುದಿಲ್ಲ. ಹೆಸರಿನಲ್ಲಿ ತುಸು ತಪ್ಪಿದ್ದರೂ ಸಂಪುಟ, ಪುಟ ಸರಿಯಿದ್ದರೆ ಲೇಖನ ಸಿಕ್ಕೀತು. ಅಂಕಿಗಳೇ ಕೆಟ್ಟರೆ ಹಳೆಯ ಸಾಹಿತ್ಯ ಕೈ ಜಾರುತ್ತದೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಬೇರೆಯದೇ ತೊಡಕು. ವ್ಯಾಂಕೂವರ್ ಶೈಲಿ ಎಲ್ಲರಿಗೂ ಒಂದು ಮನೆತನದ ಹೆಸರಿದೆ ಎಂದು ಎಣಿಸಿಯೇ ಹೊರಡುತ್ತದೆ. ಕೋಲಾರ ಸೀಮೆಯಲ್ಲಿ ಊರಿಗೊಂದಕ್ಷರ, ತಂದೆಗೊಂದಕ್ಷರ, ಆಮೇಲೆ ಸ್ವಂತ ಹೆಸರು ಇಟ್ಟುಕೊಳ್ಳುವವರೇ ಹೆಚ್ಚು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಪಟ್ಟಿಗೆ ಬಂದರೆ ‘ಗುಂಡಪ್ಪ ಡಿವಿ’ ಆಗುತ್ತಾರೆ. ಇಲ್ಲಿ ನಿಯಮವೂ ರೂಢಿಯೂ ಹೊಂದಿಕೊಂಡವು. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರನ್ನು ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಅಯ್ಯಂಗಾರ್ ಎಂವಿ’ ಆಗುತ್ತಾರೆ. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ನಾಡೆಲ್ಲ ಕರೆಯುವ ಹೆಸರು ಮಾತ್ರ ಒಂದೇ ಅಕ್ಷರಕ್ಕೆ ಕುಗ್ಗಿತು.

ಇಂದಿನ ಲೇಖಕರಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಶ್ರೀನಿವಾಸಪುರದ ಒಬ್ಬ ಯುವ ವೈದ್ಯೆಯನ್ನು ಊಹಿಸಿಕೊಳ್ಳಿ. ಮೊದಲ ಲೇಖನದಲ್ಲಿ ಸ್ವಂತ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಬೇಕೆಂದಾಗ ತಂದೆಯ ಹೆಸರನ್ನು ಕೊನೆಗೆ ಸೇರಿಸಿದರು. ಎರಡನೆಯ ಲೇಖನ ಆ ರೂಪದಲ್ಲಿ ಅಚ್ಚಾಯಿತು. ಸೂಚಿಗಳ ಪಾಲಿಗೆ ಈಗ ಅವರು ಇಬ್ಬರು: ಒಬ್ಬರು ತಮ್ಮ ಹೆಸರಿನಲ್ಲಿ, ಇನ್ನೊಬ್ಬರು ತಂದೆಯ ಹೆಸರಿನಲ್ಲಿ. ಪಬ್‌ಮೆಡ್ ಲೇಖಕರ ಪೂರ್ಣ ಹೆಸರನ್ನು ಸೇರಿಸಿಕೊಳ್ಳತೊಡಗಿದ್ದು 2002ರಿಂದ. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಇನಿಷಿಯಲ್ ಬಿಟ್ಟರೆ ಗುರುತು ಹಿಡಿಯಲು ಬೇರೇನೂ ಇಲ್ಲ. 2012ರಲ್ಲಿ ಬಂದ ಆರ್ಕಿಡ್ ಎಂಬ ಹದಿನಾರು ಅಂಕಿಯ ಗುರುತು ಸಂಖ್ಯೆ ಈ ಗೊಂದಲಕ್ಕೆ ಒಳ್ಳೆಯ ಪರಿಹಾರ. ಮೊದಲ ಲೇಖನ ಕಳುಹಿಸುವ ಮುನ್ನವೇ ಅದನ್ನು ಮಾಡಿಸಿಕೊಂಡು, ಹೆಸರಿನ ಒಂದು ರೂಪವನ್ನು ನಿಶ್ಚಯಿಸಿ, ಕೊನೆಯತನಕ ಅದನ್ನೇ ಇಟ್ಟುಕೊಳ್ಳುವುದು ಲೇಸು. ಇನ್ನೊಬ್ಬರನ್ನು ಉಲ್ಲೇಖಿಸುವಾಗಲಂತೂ ಲೇಖನದಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಬರೆಯಬೇಕು, ಊಹಿಸಿ ತಿದ್ದಬಾರದು.

ಊಹಿಸಿ ತಿದ್ದಿದರೆ, ನೋಡದೆ ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲೋರೋಸಿಸ್ ಸಾಹಿತ್ಯದ ಆದಿಯಲ್ಲೇ ಸಾಕ್ಷಿಯಿದೆ. ಮದ್ರಾಸ್ ಪ್ರಾಂತದ ಫ್ಲೋರೋಸಿಸ್ ಬಗ್ಗೆ ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬರೆದ ಲೇಖನ ಭಾರತದ ಫ್ಲೋರೋಸಿಸ್ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಕೊನೆಯ ಲೇಖಕರಾದ ಮಲಯಾಳಿ ವೈದ್ಯರ ಹೆಸರು ಒಂದು ಪಟ್ಟಿಯಲ್ಲಿ ನಾಯರ್ ಎಂದು, ಇನ್ನೊಂದರಲ್ಲಿ ಬೇರೆ ಕಾಗುಣಿತದಲ್ಲಿ, ಮತ್ತೊಂದರಲ್ಲಿ ಮನೆಯ ಹೆಸರಿನೊಡನೆ ಕೂಡಿಕೊಂಡು ಕಾಣುತ್ತದೆ. ಇಂಥ ರೂಪಾಂತರಗಳು ಪಟ್ಟಿಯಿಂದ ಪಟ್ಟಿಗೆ ದಾಟಿ ಬಂದವು ಎನ್ನುವುದರಲ್ಲಿ ಸಂಶಯ ಕಡಮೆ. ಸಿಮ್‌ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ, ಆಕರಪಟ್ಟಿಗಳಲ್ಲಿ ಅದೇ ಮುದ್ರಣದೋಷ ಎಷ್ಟು ಸಲ ಮರುಕಳಿಸುತ್ತದೆ ಎಂಬುದರಿಂದ ಲೆಕ್ಕ ಹಾಕಿ, ಉಲ್ಲೇಖಿಸುವವರಲ್ಲಿ ಶೇಕಡ 20ರಷ್ಟು ಮಂದಿ ಮಾತ್ರ ಮೂಲವನ್ನು ಓದಿರಬಹುದು ಎಂದು ಅಂದಾಜು ಮಾಡಿದ್ದರು.

ವಾಸ್ತವವಾಗಿ ಆಕರದೋಷದಲ್ಲಿ ಎರಡು ಬಗೆ. ಒಂದು ವಿಳಾಸದ ತಪ್ಪು, ಇನ್ನೊಂದು ಮಾತಿನ ತಪ್ಪು. 1984ರ ಜನವರಿಯಲ್ಲಿ ಪ್ರಕಟವಾದ ಆರು ವೈದ್ಯಕೀಯ ಪತ್ರಿಕೆಗಳನ್ನು ಪರೀಕ್ಷಿಸಿದ ಬ್ರಿಟಿಷ್ ಅಧ್ಯಯನವೊಂದು ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶೇ. 24ರಷ್ಟು ಆಕರಗಳಲ್ಲಿ ವಿಳಾಸದ ತಪ್ಪು; ಶೇ. 15ರಲ್ಲಿ ಮೂಲ ಲೇಖಕರು ಹೇಳಿದ್ದನ್ನೇ ತಪ್ಪಾಗಿ ಹೇಳಲಾಗಿತ್ತು. ಮೊದಲನೆಯದು ಓದುಗರ ಸಮಯ ಹಾಳುಮಾಡುತ್ತದೆ. ಎರಡನೆಯದು ಚಿಕಿತ್ಸೆಯನ್ನೇ ದಾರಿ ತಪ್ಪಿಸಬಲ್ಲದು.

ಎಷ್ಟರ ಮಟ್ಟಿಗೆ ಎಂಬುದಕ್ಕೆ ಅಮೆರಿಕದ ಒಂದು ದಾರುಣ ಉದಾಹರಣೆ ಸಾಕು. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಐದು ವಾಕ್ಯಗಳ ಒಂದು ಪತ್ರ ಬರೆದರು. ಆಸ್ಪತ್ರೆಗೆ ದಾಖಲಾದ ರೋಗಿಗಳಿಗೆ ಅಫೀಮಿನ ವರ್ಗದ ನೋವುಶಾಮಕ ಕೊಟ್ಟಾಗ ಚಟ ಹತ್ತಿದ್ದು ಅಪರೂಪ ಎಂಬುದಷ್ಟೇ ಅದರ ಸಾರ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವು. ಶೇ. 72.2 ಬರಹಗಳು ಚಟ ಅಪರೂಪ ಎಂಬುದಕ್ಕೆ ಅದನ್ನು ಆಧಾರ ಮಾಡಿಕೊಂಡಿದ್ದವು. ಅದು ಒಳರೋಗಿಗಳ ಮಾತು ಎಂಬುದನ್ನು ಶೇ. 80.8 ಬರಹಗಳು ಹೇಳಿಯೇ ಇರಲಿಲ್ಲ. ಮನೆಗೆ ಹೋಗಿ ತಿಂಗಳುಗಟ್ಟಲೆ ಗುಳಿಗೆ ನುಂಗುವವರಿಗೂ ಆ ಮಾತು ಅನ್ವಯವಾಯಿತು. ಅಲ್ಲಿನ ಚಟದ ಪಿಡುಗಿಗೆ ಈ ಬೇಜವಾಬ್ದಾರಿ ಉಲ್ಲೇಖವೂ ಕಾರಣವಾಯಿತೆಂದು ವಿಶ್ಲೇಷಕರು ಬರೆದರು. ಅಂಥ ಆಕರಗಳಲ್ಲಿ ವರ್ಷ, ಸಂಪುಟ, ಪುಟ ಎಲ್ಲವೂ ಸರಿಯಾಗಿಯೇ ಇರಬಹುದು ಎಂಬುದು ಇಲ್ಲಿ ಮನಸ್ಸಿಗೆ ತಾಗಬೇಕಾದ ಸಂಗತಿ.

ಅಷ್ಟು ದೂರ ಹೋಗುವುದೂ ಬೇಡ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, 2012ರ ಪರಿಷ್ಕರಣೆಯಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿಯನ್ನು ಲೀಟರಿಗೆ 1 ಮಿಲಿಗ್ರಾಂ ಎಂದು ಇಟ್ಟಿದೆ. 1.5 ಮಿಲಿಗ್ರಾಂ ಎಂಬ ಇನ್ನೊಂದು ಅಂಕಿಯೂ ಅಲ್ಲಿದೆ, ಆದರೆ ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ ಎಂಬ ಷರತ್ತಿನೊಡನೆ. ‘ಭಾರತೀಯ ಮಾನಕದ ಪ್ರಕಾರ 1.5ರವರೆಗೆ ಸುರಕ್ಷಿತ’ ಎಂದು ಬರೆದು ಪಕ್ಕದಲ್ಲಿ ಮೇಲಕ್ಷರದ ಸಂಖ್ಯೆ ಹಾಕಿಬಿಟ್ಟರೆ ಷರತ್ತು ಮಾಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಅಂಕಿಯೂ 1.5 ಆಗಿರುವುದರಿಂದ ಎರಡನ್ನು ಕಲಸಿಬಿಡುವುದು ಬಹಳ ಸುಲಭ. ಹಳ್ಳಿಯೊಂದಕ್ಕೆ ಶುದ್ಧೀಕರಣ ಘಟಕ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅಂಥ ಲೇಖನವನ್ನು ಓದಿದರೆ ಆ ಅರ್ಧ ಮಿಲಿಗ್ರಾಮಿನ ವ್ಯತ್ಯಾಸ ಮಕ್ಕಳ ಹಲ್ಲಿನ ಮೇಲೆ ಕಾಣಿಸಿಕೊಳ್ಳುತ್ತದೆ.

ಸಭಿಕರೇ, ಈ ಜಿಲ್ಲೆಗೇ ವಿಶೇಷವಾದ ಇನ್ನೊಂದು ಬಲೆಯಿದೆ. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಕೋಲಾರ ಜಿಲ್ಲೆ ಎಂದರೆ ಹನ್ನೊಂದು ತಾಲ್ಲೂಕು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಅದರಲ್ಲಿದ್ದವು. ಫ್ಲೋರೈಡ್ ನೀರಿಗೆ ಹೆಸರಾದ ಬಾಗೇಪಲ್ಲಿಯೂ ಇತ್ತು. ಈಗಿನ ಕೋಲಾರ ಜಿಲ್ಲೆಯಲ್ಲಿ, 2018ರಲ್ಲಿ ಸೇರಿದ ಕೆ.ಜಿ.ಎಫ್. ತಾಲ್ಲೂಕೂ ಸೇರಿ, ಆರು. 2001ರ ಜನಗಣತಿಯಲ್ಲಿ 25 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 15.36 ಲಕ್ಷ. ತೊಂಬತ್ತರ ದಶಕದ ಸಮೀಕ್ಷೆಯೊಂದು ‘ಕೋಲಾರ ಜಿಲ್ಲೆಯಲ್ಲಿ ಇಷ್ಟು ಪ್ರಮಾಣ’ ಎಂದಿದ್ದರೆ ಅದು ಯಾವ ಕೋಲಾರ? ಆ ಅಂಕಿಯನ್ನು ತಂದು ಮಾಲೂರಿನ ಇಂದಿನ ಶಾಲಾಮಕ್ಕಳ ಅಂಕಿಯ ಪಕ್ಕದಲ್ಲಿಟ್ಟು ‘ಇಳಿದಿದೆ’ ಎಂದೋ ‘ಏರಿದೆ’ ಎಂದೋ ಬರೆದರೆ ವಿಮರ್ಶಕರು ದೆಹಲಿಯಲ್ಲೋ ಲಂಡನ್ನಿನಲ್ಲೋ ಕುಳಿತು ಆ ತಪ್ಪನ್ನು ಹಿಡಿಯಲಾರರು. ಆಕರ ಬರೆಯುವ ಯಾವ ಶೈಲಿಯಲ್ಲೂ ಜಿಲ್ಲೆಯ ಗಡಿ ನಮೂದಿಸಲು ಜಾಗವಿಲ್ಲ. ಚರ್ಚೆಯ ಭಾಗದಲ್ಲಿ ‘ಅವಿಭಜಿತ ಕೋಲಾರ ಜಿಲ್ಲೆ’ ಎಂದು ಒಂದು ಪದ ಹೆಚ್ಚು ಬರೆಯುವುದು ಇಲ್ಲಿಯವರೇ ಹೊರಬೇಕಾದ ಹೊಣೆ.

ಚಿನ್ನದ ಗಣಿಯ ಕಥೆಯೂ ಇದಕ್ಕೆ ಹತ್ತಿರದ್ದು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ ಕೋಲಾರದ ಚಿನ್ನದ ಗಣಿಗಳಿಂದ ಎಂಬ ವಾಕ್ಯವನ್ನು ಎಂ.ಬಿ.ಬಿ.ಎಸ್. ಓದಿದವರೆಲ್ಲ ಪಾರ್ಕ್ ಅವರ ಸಮುದಾಯ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಓದಿರುತ್ತಾರೆ. ಪಠ್ಯಪುಸ್ತಕವನ್ನು ಆಕರವಾಗಿ ಕೊಡುವುದು ನಿಷಿದ್ಧವೇನಲ್ಲ. ಲೇಖಕರು, ಹೆಸರು, ಎಷ್ಟನೆಯ ಆವೃತ್ತಿ, ಜಬಲ್‌ಪುರ ಎಂಬ ಊರು, ಪ್ರಕಾಶಕರು, ವರ್ಷ, ಪುಟ ಎಂದು ಕ್ರಮವಾಗಿ ಬರೆದರಾಯಿತು. ಆವೃತ್ತಿ ಬದಲಾದಂತೆ ಪುಟವೂ ಬದಲಾಗುವುದರಿಂದ ಆವೃತ್ತಿ ಬಿಟ್ಟರೆ ಪುಟಸಂಖ್ಯೆಗೆ ಅರ್ಥವಿಲ್ಲ. ಆದರೆ ಗಣಿ ಕಾರ್ಮಿಕರ ಶ್ವಾಸಕೋಶದ ಬಗ್ಗೆ ಸಂಶೋಧನಾ ಲೇಖನ ಬರೆಯುವವರು ಪಠ್ಯಪುಸ್ತಕದಲ್ಲೇ ನಿಂತುಬಿಟ್ಟರೆ 1940ರ ದಶಕದ ಸಮೀಕ್ಷೆಯನ್ನು ಯಾರು ಮಾಡಿದರು, ಎಷ್ಟು ಮಂದಿಯ ಎಕ್ಸ್‌ರೇ ತೆಗೆದರು, ಯಾರನ್ನು ಬಿಟ್ಟರು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಮೂಲ ಸಿಗದಿದ್ದಾಗ ‘ಇಂಥವರಲ್ಲಿ ಉಲ್ಲೇಖಿತ’ ಎಂದು ಒಪ್ಪಿಕೊಂಡು ಬರೆಯುವುದು ಪ್ರಾಮಾಣಿಕ ಕ್ರಮ. ಓದದ ವರದಿಯನ್ನು ಓದಿದಂತೆ ಪಟ್ಟಿಗೆ ಸೇರಿಸುವುದು ಅಲ್ಲ.

ಈಚಿನ ವರ್ಷಗಳಲ್ಲಿ ಕೈಕೆಲಸ ಬಹಳ ಹಗುರಾಗಿದೆ. 2006ರಿಂದ ಉಚಿತವಾಗಿ ಸಿಗುತ್ತಿರುವ ಜೊಟೆರೊ, ಅದರ ಜೊತೆಗೆ ಮೆಂಡಲೆ, ಎಂಡ್‌ನೋಟ್ ಮೊದಲಾದ ತಂತ್ರಾಂಶಗಳು ವಾಕ್ಯ ಹಿಂದೆ ಮುಂದೆ ಮಾಡಿದರೆ ಸಂಖ್ಯೆಗಳನ್ನು ತಾವೇ ಬದಲಿಸಿಕೊಳ್ಳುತ್ತವೆ. ಮೊದಲು ಬಂದ ಆಕರಕ್ಕೆ 1, ಆಮೇಲಿನದಕ್ಕೆ 2, ಮತ್ತೆ ಬಂದರೆ ಹಳೆಯ ಸಂಖ್ಯೆಯೇ ಎಂಬ ನಿಯಮವನ್ನು ಕೈಯಲ್ಲಿ ಪಾಲಿಸಿದವರಿಗೆ ಇದರ ಸುಖ ಗೊತ್ತು. ಕೋಷ್ಟಕದೊಳಗಿನ ಆಕರಕ್ಕೆ, ಆ ಕೋಷ್ಟಕದ ಪ್ರಸ್ತಾಪ ಪಠ್ಯದಲ್ಲಿ ಮೊದಲು ಎಲ್ಲಿ ಬಂತೋ ಅಲ್ಲಿನ ಸರದಿಯ ಸಂಖ್ಯೆ ಸಿಗಬೇಕು. ಇದನ್ನು ಯಂತ್ರ ಮರೆಯುತ್ತದೆ, ಕಣ್ಣಿನಲ್ಲೇ ನೋಡಬೇಕು. ನಮ್ಮ ಹೆಸರುಗಳನ್ನು ತಲೆಕೆಳಗು ಮಾಡುವುದು, ಪೂರ್ತಿ ದೊಡ್ಡಕ್ಷರದ ಶೀರ್ಷಿಕೆಯನ್ನು ಹಾಗೆಯೇ ಬಿಡುವುದು, ಪತ್ರಿಕೆಯ ಹೆಸರನ್ನು ಒಮ್ಮೆ ಪೂರ್ತಿಯಾಗಿ ಒಮ್ಮೆ ಮೊಟಕಾಗಿ ಕೊಡುವುದು ಇವೂ ಅದರ ದುರಭ್ಯಾಸಗಳೇ.

ಭಾಷಾಮಾದರಿಗಳು ಬಂದ ಮೇಲೆ ಅಪಾಯದ ಸ್ವರೂಪವೇ ಬದಲಾಯಿತು. ಮೊದಲು ತಪ್ಪು ವಿಳಾಸ ಸಿಗುತ್ತಿತ್ತು. ಈಗ ಇಲ್ಲದ ಮನೆಗೂ ಅಚ್ಚುಕಟ್ಟಾದ ವಿಳಾಸ ಸಿಗುತ್ತದೆ. 2023ರಲ್ಲಿ ಕ್ಯೂರಿಯಸ್ ಎಂಬ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಚಾಟ್‌ಜಿಪಿಟಿ ಕೊಟ್ಟ 115 ವೈದ್ಯಕೀಯ ಆಕರಗಳನ್ನು ಹುಡುಕಿ ನೋಡಲಾಯಿತು. ಶೇ. 47 ಪೂರ್ತಿ ಕಲ್ಪಿತ, ಶೇ. 46 ಇದ್ದವಾದರೂ ವಿವರ ತಪ್ಪು, ಶೇ. 7 ಮಾತ್ರ ಎಲ್ಲ ರೀತಿಯಲ್ಲೂ ಸರಿ. ಮಾದರಿಗಳು ಸುಧಾರಿಸುತ್ತಿರಬಹುದು. ಹೊಣೆಯಂತೂ ಕೈ ಬದಲಿಸುವುದಿಲ್ಲ: ಸಂಪಾದಕರ ಸಮಿತಿ ತನ್ನ ಪರಿಷ್ಕೃತ ಶಿಫಾರಸುಗಳಲ್ಲಿ ಯಂತ್ರ ಲೇಖಕನಾಗಲಾರದು, ಯಂತ್ರ ಬರೆದದ್ದನ್ನು ಪ್ರಾಥಮಿಕ ಆಕರವಾಗಿ ಕೊಡುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಹಿಂತೆಗೆದುಕೊಂಡ ಲೇಖನಗಳ ವಿಷಯದಲ್ಲೂ ಸಮಿತಿಯ ಮಾತು ನೇರ. ಲಸಿಕೆ ಮತ್ತು ಆಟಿಸಂ ನಂಟನ್ನು ಸೂಚಿಸಿದ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಈಗ ಅದನ್ನು ಹೆಸರಿಸಬೇಕಾಗಿ ಬಂದರೆ ಹಿಂತೆಗೆದದ್ದನ್ನೂ ಆಕರದಲ್ಲೇ ಹೇಳಬೇಕು. ಕಳುಹಿಸುವ ಮುನ್ನ ಪಟ್ಟಿಯ ಪ್ರತಿಯೊಂದನ್ನೂ ಪಬ್‌ಮೆಡ್‌ನಲ್ಲಿ ತೆರೆದು ನೋಡಿದರೆ ಈ ಎಲ್ಲ ಅಪಾಯಗಳೂ ಒಂದೇ ಬೈಠಕ್ಕಿನಲ್ಲಿ ಕಳೆಯುತ್ತವೆ.

ಪಬ್‌ಮೆಡ್‌ನಲ್ಲಿ ಸಿಗದ ಆಕರಗಳೂ ಕೋಲಾರಕ್ಕೆ ಹೇರಳ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ಅದರ ನೀರು, ಮಣ್ಣು, ಆರೋಗ್ಯದ ಬಗ್ಗೆ ಬರೆಯುವವರು ಇಲಾಖೆಯ ವರದಿ, ನ್ಯಾಯಾಲಯದ ಆದೇಶ, ಪ್ರಯೋಗಾಲಯದ ಫಲಿತಾಂಶಗಳನ್ನು ಉಲ್ಲೇಖಿಸದೆ ಮುಂದೆ ಹೋಗಲಾರರು. ಸರ್ಕಾರಿ ಜಾಲತಾಣದ ಪುಟ ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ಹಾಗಾಗಿ ಹೊರಡಿಸಿದ ಇಲಾಖೆ, ವರದಿಯ ಹೆಸರು, ಸಂಖ್ಯೆ, ದಿನಾಂಕ, ನೋಡಿದ ದಿನಾಂಕ ಇಷ್ಟೂ ಬೇಕು. ಒಂದು ಪ್ರತಿಯನ್ನು ಇಳಿಸಿಕೊಂಡು ಇಟ್ಟಿರಲೂ ಬೇಕು.

ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. ಅದನ್ನೊಳಗೊಂಡ ಡೀಮ್ಡ್ ವಿಶ್ವವಿದ್ಯಾಲಯ ತನ್ನದೇ ವೈದ್ಯಕೀಯ ಪತ್ರಿಕೆಯನ್ನೂ ಪ್ರಕಟಿಸುತ್ತಿದೆ. ಈ ಸೀಮೆಯ ರೋಗಿಗಳ ಬಗ್ಗೆ ಬರೆದ ಥೀಸಿಸ್‌ಗಳಿಗೂ ಶಾಸನಗಳಿಗಿದ್ದಂಥ ಒಂದೊಂದು ಖಾಯಂ ವಿಳಾಸ ಬೇಕು. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸ್ಕ್ಯಾನ್ ಮಾಡಿ, ಯಾವ ತಾಲ್ಲೂಕಿನ ಯಾವ ಊರುಗಳಿಂದ ರೋಗಿಗಳು ಬಂದಿದ್ದರೆಂಬ ಸೂಚಿಯೊಡನೆ ಇಟ್ಟರೆ ಮುಂದಿನ ಪಿ.ಜಿ.ಗಳು ಅವನ್ನು ಧೈರ್ಯವಾಗಿ ಉಲ್ಲೇಖಿಸಬಹುದು. ಗೈಡ್‌ಗಳಿಂದ ನಿರೀಕ್ಷಿಸುವುದು ಇನ್ನೂ ಚಿಕ್ಕ ಕೆಲಸ. ಸಹಿ ಹಾಕುವ ಮುನ್ನ ಪಟ್ಟಿಯಿಂದ ಯಾವುದಾದರೂ ಐದು ಆಕರಗಳನ್ನು ಆರಿಸಿ, ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಐದೂ ಲೇಖನಗಳ ಪಿಡಿಎಫ್ ತೆರೆಸಿ, ಥೀಸಿಸಿನ ವಾಕ್ಯಕ್ಕೆ ಆಧಾರವಾದ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. ತೋರಿಸಲಾಗದ ಆಕರವನ್ನು ಅಲ್ಲಿಯೇ ತೆಗೆಸಿ, ಅದನ್ನು ಆತುಕೊಂಡಿದ್ದ ವಾಕ್ಯವನ್ನೂ ಜೊತೆಗೆ ತೆಗೆಸಬೇಕು.